ಔಷಧಿ ಬೆಳೆ ಬಯಲಿಗೆ ಬೇಡ

ಗಿಡದ ಜೀವಕೋಶಗಳಲ್ಲಿ ಮನುಷ್ಯರಿಗೆ ಬೇಕಾದ ಔಷಧಿ ತಯಾರಾಗುತ್ತದೆಂಬ ಸುದ್ದಿ ಓದಿ, ಅಂಥ ಗಿಡವನ್ನು ನಮ್ಮ ತೋಟದಲ್ಲಿ ಉಪಬೆಳೆಯಾಗಿ ಬೆಳೆಯಬಹುದೇ ಎಂದು ಕೆಲವು ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಿದ್ದಾರೆ. ವೆನಿಲ್ಲಾದ ಏರಿಳಿತ ಕಂಡವರು ನಾವು. ಮೊದಲು ವಿಷಯ ತಿಳಿಯೋಣ.

ಗೌಷರ್ ಎಂಬ ಅಪರೂಪದ ವಂಶಪಾರಂಪರ್ಯ ಕಾಯಿಲೆಯಿದೆ. ದೇಹದಲ್ಲಿ ಒಂದು ಕಿಣ್ವದ ಕೊರತೆಯಿಂದ ಒಂದು ಬಗೆಯ ಕೊಬ್ಬು ಕರಗದೆ ಗುಲ್ಮ, ಯಕೃತ್ತು, ಮೂಳೆಮಜ್ಜೆಗಳಲ್ಲಿ ಶೇಖರವಾಗುತ್ತದೆ. ಆ ಕಿಣ್ವವನ್ನು ಹೊರಗಿನಿಂದ ಕೊಡಬೇಕು. ಮೊದಲು ಅದನ್ನು ಹೆರಿಗೆಯಾದ ತಾಯಂದಿರ ಮಾಸಿನಿಂದ ತೆಗೆಯುತ್ತಿದ್ದರು. ಬಳಿಕ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ತಯಾರಿಸಿದರು. 2009ರಲ್ಲಿ ಅಮೆರಿಕದ ಬಾಸ್ಟನ್ನಿನ ಕಾರ್ಖಾನೆಯಲ್ಲಿ ಆ ಕೋಶಗಳಿಗೆ ವೈರಸ್ ತಗುಲಿ ಉತ್ಪಾದನೆ ನಿಂತಿತು. ರೋಗಿಗಳಿಗೆ ಔಷಧಿಯೇ ಸಿಗದಾಯಿತು. ಇಸ್ರೇಲಿನ ಪ್ರೊಟಾಲಿಕ್ಸ್ ಕಂಪನಿ ಅದೇ ಕಿಣ್ವವನ್ನು ಕ್ಯಾರೆಟ್ ಕೋಶಗಳಲ್ಲಿ ತಯಾರಿಸಿತ್ತು. 2012ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಅನುಮತಿಯಿತ್ತಿತು.

ಗಿಡದ ಕೋಶವೇ ಏಕೆ ಎಂಬುದು ನಮಗೆ ಸುಲಭವಾಗಿ ಅರ್ಥವಾದೀತು. ಏಲಕ್ಕಿಯ ಕಟ್ಟೆ ರೋಗ ವೈರಸ್ಸಿನಿಂದ ಬರುವುದು. ಕಟ್ಟೆ ಹತ್ತಿದ ಬುಡಗಳನ್ನು ಬರಿಗೈಯಲ್ಲಿ ಕಿತ್ತು ಸುಟ್ಟಿದ್ದೇವೆ. ಯಾರಿಗೂ ಕಟ್ಟೆ ಹಿಡಿಯಲಿಲ್ಲ! ಪ್ರಾಣಿಕೋಶಕ್ಕೆ ಅಂಟುವ ವೈರಸ್ಸುಗಳಲ್ಲಿ ಕೆಲವು ಮನುಷ್ಯನಿಗೂ ಅಂಟಬಲ್ಲವು, ಗಿಡದವು ಹಾಗಲ್ಲ. ಹಾಗೆಂದು ಪೂರ್ತಿ ನಿರಪಾಯವೆನ್ನಲಾಗದು. ಗಿಡದ ಕೋಶ ಪ್ರೋಟೀನಿಗೆ ತನ್ನದೇ ಬಗೆಯ ಸಕ್ಕರೆಗಳನ್ನು ಜೋಡಿಸುತ್ತದೆ. ಕೆಲವರ ದೇಹಕ್ಕೆ ಅದು ಒಗ್ಗದಿರಬಹುದು. ಅಂಥ ಸಕ್ಕರೆ ಜೋಡಿಸದ ಗಿಡಗಳನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ.

ಇನ್ನು ನಮ್ಮ ಪ್ರಶ್ನೆ. ಆ ಕಾರ್ಖಾನೆಗೆ ಯಾವ ರೈತನ ಕ್ಯಾರೆಟ್ಟೂ ಹೋಗುವುದಿಲ್ಲ. ಕೋಶಗಳು ಬೆಳೆಯುವುದು ಮುಚ್ಚಿದ ಪ್ಲಾಸ್ಟಿಕ್ ಚೀಲಗಳ ದ್ರಾವಣದಲ್ಲಿ, ಮಣ್ಣಿಲ್ಲ, ಬಿಸಿಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ಕ್ರಮ. ಅಮೆರಿಕದ ನೆಬ್ರಾಸ್ಕದಲ್ಲಿ ಪ್ರಾಡಿಜೀನ್ ಎಂಬ ಕಂಪನಿ ಹಂದಿಗಳ ಲಸಿಕೆಯ ಪ್ರೋಟೀನ್ ಇರುವ ಮೆಕ್ಕೆಜೋಳವನ್ನು ಬಯಲಲ್ಲೇ ಬೆಳೆಸಿತು. ಮರುವರ್ಷ, 2002ರಲ್ಲಿ, ಉದುರಿದ ಕಾಳು ಅದೇ ಹೊಲದ ಸೋಯಾದ ನಡುವೆ ಮೊಳೆತು ಕಟಾವಿನಲ್ಲಿ ಬೆರೆಯಿತು. ಉಗ್ರಾಣದಲ್ಲಿದ್ದ ಸುಮಾರು 5 ಲಕ್ಷ ಬುಷೆಲ್, ಅಂದರೆ 13 ಸಾವಿರ ಟನ್ನಿಗೂ ಮಿಕ್ಕಿದ ಸೋಯಾವನ್ನು ಸರ್ಕಾರ ತಡೆಹಿಡಿಯಿತು. ಕಂಪನಿಗೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು.

ನಮ್ಮದು ಎರಡು ಎಕರೆ, ಐದು ಎಕರೆಯ ಹಿಡುವಳಿಗಳು. ರೊಬಸ್ಟಾ ಹೂವಿನ ಪರಾಗಕ್ಕೆ ಬೇಲಿಯ ಲೆಕ್ಕವಿಲ್ಲವೆಂದು ನಮಗೆ ಗೊತ್ತು. ನಾಳೆ ಯಾರಾದರೂ ಔಷಧಿ ಬೆಳೆಯ ಕರಾರುಪತ್ರ ಹಿಡಿದು ಬಂದರೆ, ಪಕ್ಕದ ತೋಟದ ಮಾಲು ಕೆಟ್ಟಾಗ ನಷ್ಟ ತೆರುವವರು ಯಾರೆಂದು ಅದರಲ್ಲಿ ಬರೆದಿದೆಯೇ ನೋಡಿ. ಸಹಿ ಹಾಕುವ ಮುನ್ನ ಪತ್ರವನ್ನು ಸಂಘದ ಕಚೇರಿಗೆ ತನ್ನಿ, ಕುಳಿತು ಓದೋಣ.

— ಕಾರ್ಯದರ್ಶಿ