ಕಚ್ಚಿದ್ದು ನೊಣ, ಕೊಂದದ್ದು ನಾಯಿಯನ್ನು

ನಾಯಿಗಳನ್ನು ಕೊಂದರೆ ರೋಗ ತೊಲಗುತ್ತದೆ ಎಂದು ಇನ್ನೂ ವಾದಿಸುವವರು ಬ್ರೆಜಿಲ್‌ನ ಲೆಕ್ಕ ನೋಡಲಿ. 1960ರ ದಶಕದಿಂದಲೂ ಅಲ್ಲಿನ ಸರ್ಕಾರ ಬಿಡದ ಪಾಠವೊಂದಿದೆ: ರಕ್ತಪರೀಕ್ಷೆಯಲ್ಲಿ ಲೀಷ್ಮೇನಿಯಾ ಎಂಬ ಪರಾವಲಂಬಿಯ ಸೋಂಕು ಕಂಡ ನಾಯಿಯನ್ನು ಹಿಡಿ, ಕೊಲ್ಲು. ಆದರೆ ಹಳ್ಳಿಗಾಡಿನಲ್ಲಿದ್ದ ರೋಗ 1980ರ ದಶಕದಲ್ಲಿ ತೆರೆಸಿನಾ ನಗರಕ್ಕೆ ನುಗ್ಗಿತು. ಆಮೇಲೆ ಬೆಲೊ ಹೊರಿಜಾಂಟೆ, ಕಾಂಪೊ ಗ್ರಾಂಡೆ, ಅರಸಾಟುಬಾದ ಸರದಿ. ನಾಯಿಗಳು ಸತ್ತವು, ರೋಗ ಊರಿಂದ ಊರಿಗೆ ಹೋಯಿತು. ಇದನ್ನು ನಿಯಂತ್ರಣ ಎಂದು ಕರೆಯಲು ನಾಚಿಕೆಯಾಗಬೇಕು.

ರೋಗ ಹರಡುವುದು ಮರಳುನೊಣ. ಎರಡು ಮೂರು ಮಿಲಿಮೀಟರ್ ಉದ್ದ, ಮೈತುಂಬ ರೋಮ, ಕೂತಾಗ ರೆಕ್ಕೆ ಮೇಲಕ್ಕೆತ್ತಿಕೊಂಡಿರುತ್ತದೆ. ದೂರ ಹಾರಲಾರದು, ಕುಪ್ಪಳಿಸುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿ ಬರುವಷ್ಟು ಸಣ್ಣದು. ಸೊಳ್ಳೆಯಂತೆ ನಿಂತ ನೀರು ಅದಕ್ಕೆ ಬೇಡ. ಕೊಳೆತ ಎಲೆ, ಕೋಳಿಗೂಡಿನ ಹಿಕ್ಕೆ, ಹಿತ್ತಲಿನ ತೇವದ ಮಣ್ಣು ಸಾಕು. ಹೊತ್ತು ಮುಳುಗಿದ ಮೇಲೆ ಹೊರಬಿದ್ದು ಹಿತ್ತಲಲ್ಲಿ ಮಲಗಿದ ನಾಯಿಯ ರಕ್ತ ಹೀರುತ್ತದೆ, ಮುಂದೆ ಮನೆಯ ಮಗುವನ್ನೂ ಕಚ್ಚುತ್ತದೆ. ನಾಯಿಯ ದೇಹದಲ್ಲಿ ಪರಾವಲಂಬಿ ಇರುವುದು ನಿಜ. ಆದರೆ ಅಲ್ಲಿಂದ ಮಗುವಿನ ಮೈಗೆ ಅದನ್ನು ಸಾಗಿಸುವುದು ನೊಣ. ನೊಣವನ್ನು ಬಿಟ್ಟು ನಾಯಿಯ ಹಿಂದೆ ಓಡುವುದು ಯಾವ ವಿಜ್ಞಾನ?

ಬ್ರೆಜಿಲ್‌ನಲ್ಲೇ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸೋಂಕು ತಗುಲಿದ 42 ನಾಯಿಗಳನ್ನು ನೊಣಗಳಿಂದ ಕಚ್ಚಿಸಿ, ಯಾವ ನಾಯಿಯಿಂದ ನೊಣಕ್ಕೆ ಸೋಂಕು ದಾಟುತ್ತದೆ ಎಂದು ಕಾಲಕಾಲಕ್ಕೆ ನೋಡಿದರು. ಸೋಂಕು ದಾಟಿಸಿದ್ದು 18 ನಾಯಿಗಳು ಮಾತ್ರ. ಅದರಲ್ಲೂ ಕೇವಲ ಏಳು ನಾಯಿಗಳಿಂದಲೇ ನೊಣಗಳ ಸೋಂಕಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಬಂದಿತ್ತು. 42ರಲ್ಲಿ ಏಳು! ಸೋಂಕಿದೆಯೋ ಇಲ್ಲವೋ ಎಂದಷ್ಟೇ ಹೇಳುವ ಪರೀಕ್ಷೆ ಆ ಏಳನ್ನು ಗುರುತಿಸಿ ಕೊಡುವುದಿಲ್ಲ. ಚಾಗಸ್ ರೋಗದ ಪರಾವಲಂಬಿ ಹೊಕ್ಕ ನಾಯಿಯನ್ನೂ ಅದು ತಪ್ಪಾಗಿ ಸೋಂಕಿತ ಎಂದು ತೋರಿಸಬಹುದು. ಅಂಥ ಪರೀಕ್ಷೆಯ ಚೀಟಿ ಹಿಡಿದುಕೊಂಡು ಬಂದು, ಮೈಮೇಲೆ ಒಂದು ಗಾಯವೂ ಇಲ್ಲದೆ ಬಾಲ ಅಲ್ಲಾಡಿಸುವ ನಾಯಿಯನ್ನು ಮನೆಯವರ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಆಮೇಲೆ ಎಷ್ಟೋ ಮನೆಗಳಿಗೆ ಹೊಸ ಮರಿಯೊಂದು ಬರುತ್ತದೆ. ರೋಗನಿರೋಧಕ ಶಕ್ತಿಯಿಲ್ಲದ ಎಳೆಯ ಮರಿ ನೊಣಕ್ಕೆ ಹೊಸ ತುತ್ತು. ಎಸ್ಪಿರಿಟೊ ಸ್ಯಾಂಟೊ ರಾಜ್ಯದ ಕಣಿವೆಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಸೋಂಕಿತ ನಾಯಿಗಳನ್ನು ಕೊಂದ ಕಡೆಯೂ ಮನುಷ್ಯರ ಸೋಂಕು ತಗ್ಗಲಿಲ್ಲ. ಇಷ್ಟಾದ ಮೇಲೂ ಕೊಲ್ಲುವುದು ನಿಲ್ಲಲಿಲ್ಲ.

ಇನ್ನು ಚಿಕಿತ್ಸೆಯ ಕಥೆ. 2008ರಲ್ಲಿ ಬ್ರೆಜಿಲ್‌ನ ಎರಡು ಸಚಿವಾಲಯಗಳು ಒಟ್ಟಾಗಿ, ಮನುಷ್ಯರಿಗೆ ಕೊಡುವ ಔಷಧದಿಂದ ನಾಯಿಗಳಿಗೆ ಚಿಕಿತ್ಸೆ ಮಾಡುವಂತಿಲ್ಲ ಎಂದು ಆದೇಶ ಹೊರಡಿಸಿದವು. 2013ರಲ್ಲಿ ನ್ಯಾಯಾಲಯ ಈ ನಿಷೇಧ ಸಲ್ಲದು ಎಂದಿತು. 2016ರಲ್ಲಿ ನಾಯಿಗಳಿಗೆಂದೇ ಮಿಲ್ಟೆಫೋಸಿನ್‌ಗೆ ಅನುಮತಿ ಸಿಕ್ಕಿತು. ಲೀಷ್ಮೇನಿಯಾದಿಂದಲೇ ಬರುವ ಕಾಲಾ ಅಜಾರ್‌ಗೆ ನಮ್ಮ ಬಿಹಾರದ ರೋಗಿಗಳು ನುಂಗಿದ ಮದ್ದೇ ಅದು. ಅದರ ಬೆಲೆ ಬಡವರ ಕೈಗೆಟುಕುವಂಥದ್ದಲ್ಲ. ಹಾಗಾಗಿ ದುಡ್ಡಿದ್ದವರ ನಾಯಿ ಮದ್ದು ತಿಂದು ಬದುಕುತ್ತದೆ, ಕೊಳೆಗೇರಿಯವರ ನಾಯಿ ಸಾಯುತ್ತದೆ. ಕಸ ಎತ್ತದ, ಚರಂಡಿ ಕಟ್ಟದ ಬೀದಿಯಲ್ಲಿ ನೊಣ ಹುಟ್ಟಲು ಬಿಟ್ಟವರು ಯಾರು? ಎಷ್ಟೋ ಕಡೆ ಆಡಳಿತದ ಚಾಳಿ ಇದೇ. ಪೌರಸೇವೆ ಕೊಡಲಾಗದವರು ಹೆಣಗಳ ಲೆಕ್ಕ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ನೊಣವೇ ವಾಹಕ ಎಂಬುದಕ್ಕೆ ಕಟ್ಟಕಡೆಯ ಸಾಕ್ಷ್ಯ ಸಿಕ್ಕಿದ್ದು ನಮ್ಮ ನೆಲದಲ್ಲಿ. 1942ರಲ್ಲಿ ಅಸ್ಸಾಂನಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಸೋಂಕಿತ ಮರಳುನೊಣಗಳಿಂದ ಸ್ವಯಂಸೇವಕರನ್ನು ಕಚ್ಚಿಸಿ ಕಾಲಾ ಅಜಾರ್ ಹರಡುವ ದಾರಿಯನ್ನು ಸಾಬೀತು ಮಾಡಿದರು. ಭಾರತದ ಈ ರೋಗ ಮನುಷ್ಯರಿಂದ ಮನುಷ್ಯರಿಗೆ ನೊಣದ ಮೂಲಕ ದಾಟುವಂಥದ್ದು, ನಾಯಿಗೆ ಅದರಲ್ಲಿ ಪಾತ್ರವಿಲ್ಲ. ಮಲೇರಿಯಾಕ್ಕೆಂದು ಮನೆಮನೆಗೆ ಡಿಡಿಟಿ ಹೊಡೆದಾಗ ಕಾಲಾ ಅಜಾರ್ ಕೂಡ ಬಹುತೇಕ ಅಡಗಿತ್ತು, ಸಿಂಪರಣೆ ನಿಂತ ಮೇಲೆ ಮತ್ತೆ ಎದ್ದಿತು. ಮಲೆನಾಡಿನವರಿಗೂ ಈ ಪಾಠ ಗೊತ್ತು. ಕ್ಯಾಸನೂರು ಕಾಡಿನ ಕಾಯಿಲೆಗೆ, ಅಂದರೆ ಮಂಗನ ಕಾಯಿಲೆಗೆ, ಅವರು ಮಂಗಗಳ ಮೇಲೆ ಗುಂಡು ಹಾರಿಸಿಲ್ಲ. ಅದನ್ನು ಹರಡುವ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಸವರಿಕೊಂಡು ಕಾಡಿಗೆ ಹೋಗುತ್ತಾರೆ.

ನಾಯಿಗೂ ಅಂಥ ದಾರಿ ಇದೆ. ಡೆಲ್ಟಾಮೆಥ್ರಿನ್ ಸೇರಿಸಿದ ಕೊರಳಪಟ್ಟಿ. ಇರಾನಿನ 18 ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿದರು, 2002ರಲ್ಲಿ ಫಲಿತಾಂಶ ಹೊರಬಂತು. ಪಟ್ಟಿ ತೊಡಿಸಿದ ಹಳ್ಳಿಗಳಲ್ಲಿ ನಾಯಿಗಳ ಹೊಸ ಸೋಂಕು ಶೇ 54ರಷ್ಟು, ಮಕ್ಕಳದ್ದು ಶೇ 43ರಷ್ಟು ಇಳಿಯಿತು. ಒಂದು ನಾಯಿಯನ್ನೂ ಕೊಲ್ಲದೆ ಮಕ್ಕಳಿಗೆ ಸಿಕ್ಕ ರಕ್ಷಣೆ ಇದು. ಬ್ರೆಜಿಲ್‌ನ ಆರೋಗ್ಯ ಸಚಿವಾಲಯ ಅದೇ ಪಟ್ಟಿಯನ್ನು ಆಯ್ದ ಊರುಗಳಲ್ಲಿ ಹಂಚಲು ಶುರುಮಾಡಿದ್ದು 2021ರಲ್ಲಿ! ನಡುವೆ ಹೋದ ಸುಮಾರು ಎರಡು ದಶಕಗಳಿಗೆ, ಆ ಅವಧಿಯಲ್ಲಿ ಸತ್ತ ಮಕ್ಕಳಿಗೆ ಮತ್ತು ನಾಯಿಗಳಿಗೆ ಉತ್ತರ ಕೊಡಬೇಕಾದವರು ಅಧಿಕಾರದಲ್ಲಿ ಕೂತಿದ್ದವರು. ಆಯ್ದ ಊರು ಸಾಲದು. ಮರಳುನೊಣ ಇರುವ ಪ್ರತಿ ಬಡಾವಣೆಯ ಪ್ರತಿ ನಾಯಿಯ ಕೊರಳಿಗೂ ಸರ್ಕಾರದ ಖರ್ಚಿನಲ್ಲಿ ಆ ಪಟ್ಟಿ ಬೀಳಬೇಕು, ಔಷಧದ ಬಲ ಕುಂದುವ ಮೊದಲೇ ಬದಲಿಸಬೇಕು, ನಾಯಿ ಕೊಲ್ಲಲು ಇಟ್ಟ ಹಣವನ್ನು ಪೂರ್ತಿ ಅದಕ್ಕೇ ಕೊಡಬೇಕು.