ವಿಸ್ತರಣೆಯ ಹಂಬಲ ಮತ್ತು ಪರರ ಗಂಟು

ಒಂದೇ ಒಂದು ಲಾರಿಯಿಂದ ಬದುಕು ಕಟ್ಟಿಕೊಂಡವರ ಕತೆ ನಮ್ಮ ಪಟ್ಟಣಗಳಿಗೆ ಹೊಸತಲ್ಲ. ಸಾಲ ಮಾಡಿ ಲಾರಿ ಕೊಂಡು, ತಾವೇ ಸ್ಟೇರಿಂಗ್ ಹಿಡಿದು, ಹಗಲು ರಾತ್ರಿಯೆನ್ನದೆ ದುಡಿದು ಎರಡನೆಯದನ್ನೂ ಮೂರನೆಯದನ್ನೂ ಕೊಂಡವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಹಾಗೆಯೇ, ಚೆನ್ನಾಗಿ ಓಡುತ್ತಿದ್ದ ಆ ಲಾರಿಗಳನ್ನೇ ಅಡವಿಟ್ಟು ತಮಗೆ ಗಂಧಗಾಳಿಯೂ ಇಲ್ಲದ ವ್ಯಾಪಾರಕ್ಕಿಳಿದು, ಹೊಸತೂ ಕೈಹಿಡಿಯದೆ ಹಳತೂ ಉಳಿಯದೆ ಬರಿಗೈಯಾದವರೂ ಇದ್ದಾರೆ. ಮೊದಲನೆಯವರ ಕತೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಎರಡನೆಯವರ ಕತೆಯನ್ನು ಮುಚ್ಚಿಡುತ್ತೇವೆ. ನಿಜವಾಗಿ, ಕಲಿಯಬೇಕಾದ ಪಾಠ ಹೆಚ್ಚಾಗಿ ಇರುವುದು ಎರಡನೆಯದರಲ್ಲಿ. ಸಾಗಾಟ ಉದ್ಯಮವೊಂದು ತನ್ನ ಹಾದಿ ಬಿಟ್ಟು ಬೇರೆ ಕ್ಷೇತ್ರಗಳಿಗೆ ಕಾಲಿಡುವುದು ಎಷ್ಟು ಸರಿ, ಎಷ್ಟು ಅಪಾಯ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಸೂಕ್ತವೆಂದು ನಾವು ಭಾವಿಸುತ್ತೇವೆ.

ಈ ಚರ್ಚೆಗೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಆರಂಭಿಸಿದ ಸಾಗಾಟ ಸಂಸ್ಥೆ ಮುಂದೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ದೇಶದ ಪ್ರಮುಖ ಪಾರ್ಸೆಲ್ ಸಾಗಾಟ ಕಂಪೆನಿಗಳಲ್ಲೊಂದಾಗಿ ಬೆಳೆಯಿತು. ಅದುವೇ ಇಂದಿನ ವಿಆರ್‌ಎಲ್. ಹಲವು ವ್ಯಾಪಾರಿಗಳ ಸಣ್ಣ ಸಣ್ಣ ಸರಕುಗಳನ್ನು ಒಂದೆಡೆ ಕೂಡಿಸಿ, ಒಂದೇ ಲಾರಿಯಲ್ಲಿ ತುಂಬಿ, ಮತ್ತೊಂದೆಡೆ ಬೇರ್ಪಡಿಸಿ ತಲುಪಿಸುವುದು ಈ ವ್ಯವಹಾರದ ಜೀವಾಳ. ಇದಕ್ಕೆ ಬೇಕಾದದ್ದು ಅಲ್ಲಲ್ಲಿ ಗೋದಾಮು, ಊರೂರಿಗೆ ಶಾಖೆ, ಸಮಯಪಾಲನೆ ಮತ್ತು ರಸ್ತೆಯ ಅರಿವು. ಸಂಸ್ಥೆಯು 1996ರಲ್ಲಿ ಬಸ್ಸುಗಳನ್ನು ರಸ್ತೆಗಿಳಿಸಿತು. ಸಮೂಹವು 1999ರಲ್ಲಿ 'ವಿಜಯ ಕರ್ನಾಟಕ' ಎಂಬ ದಿನಪತ್ರಿಕೆಯನ್ನು ಆರಂಭಿಸಿತು. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಪವನ ವಿದ್ಯುತ್ ಯಂತ್ರಗಳು ತಲೆಯೆತ್ತಿದವು. ಬಾಡಿಗೆ ವಿಮಾನ ಸೇವೆಯೂ ಆರಂಭವಾಯಿತು. ಲಾರಿಯವರಿಗೆ ಪತ್ರಿಕೆಯ ಉಸಾಬರಿ ಯಾಕೆ ಎಂದು ನಕ್ಕವರು ಆಗ ಕಡಿಮೆಯೇನಿರಲಿಲ್ಲ. ಆದರೆ ಆ ಪತ್ರಿಕೆ ಕೆಲವೇ ವರ್ಷಗಳಲ್ಲಿ ಕನ್ನಡದ ಪತ್ರಿಕಾ ಮಾರುಕಟ್ಟೆಯನ್ನೇ ಅಲುಗಾಡಿಸಿತು. 2006ರಲ್ಲಿ ಅದನ್ನು ಟೈಮ್ಸ್ ಸಮೂಹ ಖರೀದಿಸಿತು. 2012ರಲ್ಲಿ ಸಂಕೇಶ್ವರರ ಸಮೂಹ 'ವಿಜಯವಾಣಿ'ಯ ಮೂಲಕ ಮತ್ತೆ ಅದೇ ಕ್ಷೇತ್ರಕ್ಕೆ ಮರಳಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಸ್ಸು ಲಾರಿಯ ಒಡಹುಟ್ಟು. ಅದೇ ರಸ್ತೆ, ಅದೇ ಡೀಸೆಲ್, ಅದೇ ಗ್ಯಾರೇಜು, ಅದೇ ಚಾಲಕರ ಲೋಕ. ಪತ್ರಿಕೆ ಕೂಡ ಒಂದರ್ಥದಲ್ಲಿ ಸಾಗಾಟದ ಸರಕೇ. ನಡುರಾತ್ರಿ ಅಚ್ಚಾದ ಕಟ್ಟುಗಳು ನಸುಕಿನೊಳಗೆ ತಾಲೂಕು ಕೇಂದ್ರಗಳನ್ನು ತಲುಪದಿದ್ದರೆ ಒಳಗೆ ಎಂಥ ಬರಹವಿದ್ದರೂ ಅದು ರದ್ದಿ ಕಾಗದವೇ. ಆದ್ದರಿಂದ ಹೊರನೋಟಕ್ಕೆ ವಿಚಿತ್ರವಾಗಿ ಕಂಡ ಈ ವಿಸ್ತರಣೆಗಳ ಒಳಗೆ ಹಳೆಯ ಕಸುಬಿನ ತಿಳಿವಳಿಕೆಯೇ ಕೆಲಸ ಮಾಡಿತೆಂದು ನಾವು ಭಾವಿಸುತ್ತೇವೆ. ಎಲ್ಲ ವಿಸ್ತರಣೆಯೂ ದುಸ್ಸಾಹಸವಲ್ಲ. ಹಾಗೆ ಹೇಳುವುದು ದುಡಿದು ಮೇಲೆ ಬಂದವರಿಗೆ ಮಾಡುವ ಅನ್ಯಾಯವಾದೀತು.

ಆದರೆ 2016ರ ಆರಂಭದಲ್ಲಿ ನಡೆದದ್ದು ಬೇರೆಯೇ ವಿಚಾರ. ಅದಕ್ಕೆ ಒಂದು ವರ್ಷ ಮುಂಚೆ, 2015ರ ಏಪ್ರಿಲ್‌ನಲ್ಲಿ, ಕಂಪೆನಿಯು ಸಾರ್ವಜನಿಕರಿಗೆ ಷೇರು ಮಾರಿತ್ತು. ಒಂದು ಷೇರಿಗೆ 205 ರೂಪಾಯಿಯಂತೆ ಮಾರಾಟಕ್ಕಿಟ್ಟ ಷೇರುಗಳಿಗೆ ಜನರು ಮುಗಿಬಿದ್ದಿದ್ದರು. ಅವರು ಹಣ ಹಾಕಿದ್ದು ಸಾಗಾಟದ ಕಂಪೆನಿಯೊಂದನ್ನು ನಂಬಿ. ಇದ್ದಕ್ಕಿದ್ದಂತೆ, ಪ್ರವರ್ತಕರು ಸಾವಿರ ಕೋಟಿಗೂ ಮಿಕ್ಕಿದ ಬಂಡವಾಳದ ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದನ್ನು ಕಟ್ಟಲು ಬಯಸಿದ್ದಾರೆಂಬ ಸುದ್ದಿ ಹೊರಬಿತ್ತು. ಹಣ ಹೂಡುವವರು ಪ್ರವರ್ತಕರೇ, ಕಂಪೆನಿಯಲ್ಲ ಎಂಬುದು ಆ ಪ್ರಸ್ತಾಪದ ಸಾರವಾಗಿತ್ತು. ಆದರೂ ಷೇರು ಬೆಲೆ ಕುಸಿಯಿತು. ಹೂಡಿಕೆದಾರರ ಅಸಮಾಧಾನ ಬಹಿರಂಗವಾಯಿತು. ಕೊನೆಗೆ ಯೋಜನೆಯನ್ನೇ ಕೈಬಿಡಲಾಯಿತು.

ಹೂಡಿಕೆದಾರರು ಯಾಕೆ ಅಷ್ಟೊಂದು ಹೆದರಿದರು? ಕಂಪೆನಿಯ ಹಣ ಹೋಗುವುದಿಲ್ಲವಲ್ಲ ಎಂದು ಕೇಳಬಹುದು. ಕಂಪೆನಿಯ ಹಣ ಮತ್ತು ಮಾಲಕರ ಹಣ ಕಾಗದದಲ್ಲಿ ಬೇರೆ ಬೇರೆ. ಆದರೆ ಮಾಲಕರಿಗೆ ಇರುವುದು ಒಂದೇ ಮನಸ್ಸು, ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಹೊಸ ಉದ್ಯಮ ನಷ್ಟಕ್ಕಿಳಿದರೆ ಅದನ್ನು ಉಳಿಸುವ ಹಟದಲ್ಲಿ ಹಳೆಯ ಉದ್ಯಮದ ಷೇರುಗಳೇ ಅಡವಿಗೆ ಹೋಗುವ ಭಯ ಇದ್ದೇ ಇರುತ್ತದೆ. ಅದೂ ಅಲ್ಲದೆ, ಲಾರಿಗೂ ವಿಮಾನಕ್ಕೂ ಹೋಲಿಕೆಯಿರುವುದು ಎರಡೂ ಚಲಿಸುತ್ತವೆ ಎಂಬಲ್ಲಿ ಮಾತ್ರ. ವ್ಯಾಪಾರ ತಗ್ಗಿದಾಗ ಸ್ವಂತ ಲಾರಿಯನ್ನು ಶೆಡ್ಡಿನಲ್ಲಿ ನಿಲ್ಲಿಸಬಹುದು. ಗುತ್ತಿಗೆಗೆ ತಂದ ವಿಮಾನವನ್ನು ನಿಲ್ಲಿಸಿದರೂ ಅದರ ಬಾಡಿಗೆ ನಿಲ್ಲುವುದಿಲ್ಲ. ಆ ಬಾಡಿಗೆಯೂ ಸಾಮಾನ್ಯವಾಗಿ ಡಾಲರಿನಲ್ಲಿ ಪಾವತಿಯಾಗಬೇಕು, ಟಿಕೇಟಿನ ಹಣ ಬರುವುದು ಮಾತ್ರ ರೂಪಾಯಿಯಲ್ಲಿ. ಇಂಧನದ ಬೆಲೆಯಾಗಲಿ ಅದರ ಮೇಲಿನ ತೆರಿಗೆಯಾಗಲಿ ಮಾಲಕರ ಕೈಯಲ್ಲಿಲ್ಲ. ಲಾರಿ ಕೆಟ್ಟರೆ ಹೆದ್ದಾರಿಯ ಮೆಕ್ಯಾನಿಕ್ ಸಾಕು. ವಿಮಾನಕ್ಕೆ ಪ್ರತಿಯೊಂದು ಬೋಲ್ಟಿಗೂ ದಾಖಲೆ ಬೇಕು.

ಈ ಭಯ ಬರಿಯ ಕಲ್ಪನೆಯದ್ದೂ ಆಗಿರಲಿಲ್ಲ. ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್‌ನ ಅವಸಾನ ಎಲ್ಲರ ಕಣ್ಣ ಮುಂದಿತ್ತು. ಮದ್ಯದ ಉದ್ಯಮದಿಂದ ಬಂದ ವಿಜಯ ಮಲ್ಯ 2005ರಲ್ಲಿ ಅದನ್ನು ಆರಂಭಿಸಿದರು. 2007ರಲ್ಲಿ ಏರ್ ಡೆಕ್ಕನ್‌ನಲ್ಲೂ ಪಾಲು ಖರೀದಿಸಿದರು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲ ಬಿಟ್ಟೇಳುವುದನ್ನು ನಿಲ್ಲಿಸಿದವು. ಮೂಲ ಉದ್ಯಮದ ಹಿಡಿತವೂ ಕೈತಪ್ಪಿತು. ಹದಿನೇಳು ಬ್ಯಾಂಕುಗಳ ಬಾಕಿ, ಬಡ್ಡಿ ಸೇರಿ, 9000 ಕೋಟಿ ರೂಪಾಯಿಯನ್ನು ಮೀರಿತು. ವಿಆರ್‌ಎಲ್ ಪ್ರವರ್ತಕರ ವಿಮಾನಯೋಜನೆಯ ಚರ್ಚೆ ನಡೆದ ಅದೇ 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಅದೇ ವರ್ಷದ ಜುಲೈಯಲ್ಲಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುವುದರೊಂದಿಗೆ 2015ರಲ್ಲಿ ಸೇವೆ ಆರಂಭಿಸಿದ್ದ ಏರ್ ಪೆಗಾಸಸ್ ಕೂಡ ಸ್ಥಗಿತಗೊಂಡಿತು. ಮುಂದೆ 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು. ಹಾಗಂತ ಎಲ್ಲರೂ ಮುಳುಗಿದರೆಂದಲ್ಲ. 2019ರಲ್ಲಿ ಹುಬ್ಬಳ್ಳಿಯಿಂದ ಹಾರಾಟ ಆರಂಭಿಸಿದ ಸ್ಟಾರ್ ಏರ್ ಸಣ್ಣದಾಗಿ ಆರಂಭಿಸಿ ನಿಧಾನವಾಗಿ ಬೆಳೆಯಿತು. ಆದರೆ ಹತ್ತರಲ್ಲಿ ಒಬ್ಬರು ದಡ ಸೇರಿದ್ದನ್ನು ತೋರಿಸಿ ಮಿಕ್ಕವರನ್ನು ಹೊಳೆಗಿಳಿಸುವುದು ವಿವೇಕವಲ್ಲ.

ಪರದೇಶಗಳ ಅನುಭವವೂ ಭಿನ್ನವಾಗಿಲ್ಲ. ಆಸ್ಟ್ರೇಲಿಯಾದಲ್ಲಿ 1946ರಲ್ಲಿ ಕೆನ್ ಥಾಮಸ್ ಎಂಬವರು ಒಂದೇ ಲಾರಿಯಿಂದ ಆರಂಭಿಸಿದ ಸಂಸ್ಥೆ ಟಿಎನ್‌ಟಿ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬೆಳೆಯಿತು. ಅದು ರೂಪರ್ಟ್ ಮರ್ಡೋಕ್‌ರ ಪತ್ರಿಕಾ ಸಂಸ್ಥೆಯ ಜೊತೆ ಸೇರಿ ಆನ್ಸೆಟ್ ಎಂಬ ವಿಮಾನಯಾನ ಕಂಪೆನಿಯನ್ನು ವಶಪಡಿಸಿಕೊಂಡಿತು. 1996ರಲ್ಲಿ ಟಿಎನ್‌ಟಿ ತನ್ನ ಪಾಲನ್ನು ಮಾರಿ ಹೊರಬಂತು. ಅದೇ ವರ್ಷ ಸ್ವತಃ ಟಿಎನ್‌ಟಿಯೇ ನೆದರ್ಲೆಂಡ್ಸಿನ ಅಂಚೆ ಕಂಪೆನಿಯ ಪಾಲಾಯಿತು. 2001ರ ಸೆಪ್ಟೆಂಬರ್‌ನಲ್ಲಿ ಆನ್ಸೆಟ್ ಕುಸಿದಾಗ ಸಾವಿರಾರು ಮಂದಿ ಬೀದಿಗೆ ಬಿದ್ದರು. ಅಮೇರಿಕದ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್‌ನದ್ದು ಇನ್ನೊಂದು ಬಗೆ. 1929ರಲ್ಲಿ ಆರಂಭವಾದ ಈ ಲಾರಿ ಸಂಸ್ಥೆ 1989ರಲ್ಲಿ ಎಮರಿ ಎಂಬ ವಾಯು ಸರಕು ಕಂಪೆನಿಯನ್ನು ಖರೀದಿಸಿ ಭಾರೀ ನಷ್ಟಕ್ಕೊಳಗಾಯಿತು. 1996ರಲ್ಲಿ ಮೂಲ ಲಾರಿ ವ್ಯವಹಾರವನ್ನೇ ಬೇರ್ಪಡಿಸಲಾಯಿತು. 2002ರ ಸೆಪ್ಟೆಂಬರ್‌ನಲ್ಲಿ, ಅದೂ ಆ ದೇಶದ ಕಾರ್ಮಿಕ ದಿನದ ರಜೆಯಂದೇ, ಅಂಗಡಿ ಮುಚ್ಚುವ ಸುದ್ದಿ 15 ಸಾವಿರಕ್ಕೂ ಹೆಚ್ಚು ನೌಕರರಿಗೆ ತಲುಪಿತು. ಪೈಪೋಟಿ, ಮುಷ್ಕರ ಮುಂತಾದ ಬೇರೆ ಕಾರಣಗಳೂ ಅಲ್ಲಿದ್ದವು ನಿಜ. ಆದರೆ ಹೆತ್ತ ತಾಯಿಯನ್ನು ಹೊರಗಟ್ಟಿ ಮಕ್ಕಳು ಮನೆ ಹಂಚಿಕೊಂಡಂತೆ, ಎಲ್ಲಕ್ಕೂ ಮೂಲವಾಗಿದ್ದ ಕಸುಬೇ ಕೊನೆಗೆ ಅನಾಥವಾಯಿತೆಂಬುದನ್ನು ಮರೆಯುವಂತಿಲ್ಲ.

ನಮ್ಮ ಕಳಕಳಿಯ ಕೇಂದ್ರ ಇರುವುದು ಇಲ್ಲಿಯೇ. ವಿಸ್ತರಣೆಯ ನಿರ್ಧಾರ ಕೈಗೊಳ್ಳುವವರು ಯಾರು? ಅದು ಕೈಕೊಟ್ಟರೆ ಬೆಲೆ ತೆರುವವರು ಯಾರು? 2016ರಲ್ಲಿ ವಿಮಾನಯೋಜನೆಯ ವಿರುದ್ಧ ಷೇರುದಾರರು ದನಿಯೆತ್ತಲು ಸಾಧ್ಯವಾಯಿತು. ಯಾಕೆಂದರೆ ಅವರ ಅಸಮಾಧಾನವನ್ನು ಷೇರುಪೇಟೆ ಅಂದಂದೇ ಅಂಕಿಗಳಲ್ಲಿ ತೋರಿಸುತ್ತದೆ. ಚಾಲಕನ, ಕ್ಲೀನರಿನ, ಹಮಾಲಿಯ, ಗುಮಾಸ್ತನ ಆತಂಕವನ್ನು ತೋರಿಸುವ ಪೇಟೆ ಯಾವುದೂ ಇಲ್ಲ. ಕಿಂಗ್‌ಫಿಶರ್‌ನ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. ಆ ಕಂಪೆನಿಗೆ ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಹೆಚ್ಚಿನವು ಸಾರ್ವಜನಿಕ ಬ್ಯಾಂಕುಗಳು, ಅಂದರೆ ನಮ್ಮ ನಿಮ್ಮ ಉಳಿತಾಯವನ್ನು ಇಟ್ಟುಕೊಂಡವು. ಸಣ್ಣ ಲಾರಿ ಮಾಲಕ ಎರಡು ಕಂತು ತಪ್ಪಿಸಿದರೆ ಸಾಲ ಕೊಟ್ಟವರು ವಾಹನವನ್ನು ರಸ್ತೆಯಲ್ಲೇ ಹಿಡಿದು ನಿಲ್ಲಿಸುತ್ತಾರೆ. ದೊಡ್ಡವರು ಸಾವಿರಾರು ಕೋಟಿ ಬಾಕಿಯಿಟ್ಟರೂ ಹೊಸ ಮಾತುಕತೆಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ಸಾಹಸದ ಲಾಭ ಒಬ್ಬರಿಗೆ, ನಷ್ಟ ಊರಿಗೆ ಎಂಬ ಈ ವ್ಯವಸ್ಥೆ ಪ್ರಶ್ನಾತೀತವಾಗಿ ಮುಂದುವರಿಯಬೇಕೇ?

ಈ ಹಿನ್ನೆಲೆಯಲ್ಲಿ ವಿಮಾನಯೋಜನೆಯನ್ನು ಕೈಬಿಟ್ಟ ನಿರ್ಧಾರವನ್ನು ಸೋಲೆಂದು ನಾವು ಕಾಣುವುದಿಲ್ಲ. ಆಡಿದ ಮಾತಿಗೆ ಅಂಟಿಕೊಂಡು ಹಟಕ್ಕೆ ಬೀಳುವುದು ಉದ್ಯಮಿಗಳ ದೊಡ್ಡ ಕಾಯಿಲೆ. ಹಿಂದೆ ಸರಿಯಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಬಳಿಕ 2022-23ರಲ್ಲಿ ಕಂಪೆನಿಯು ಬಸ್ಸು ಮತ್ತು ಪವನ ವಿದ್ಯುತ್ ವ್ಯವಹಾರಗಳನ್ನು ಪ್ರವರ್ತಕರದ್ದೇ ಬೇರೆ ಸಂಸ್ಥೆಗಳಿಗೆ ಮಾರಿ ಸರಕು ಸಾಗಾಟವನ್ನೇ ಮುಖ್ಯ ಕಸುಬಾಗಿ ಉಳಿಸಿಕೊಂಡಿತು. ನಲುವತ್ತಾರು ವರ್ಷಗಳ ಸುತ್ತಾಟದ ಬಳಿಕ ಹೊರಟಲ್ಲಿಗೇ ಮರಳಿದಂತೆ. ಇದರಲ್ಲಿ ಅವಮಾನವೇನೂ ಇಲ್ಲ.

ಹಾಗಾದರೆ ಅಳತೆಗೋಲು ಯಾವುದು? ಮೂರು ಪ್ರಶ್ನೆಗಳು ಸಾಕೆಂದು ನಮಗನಿಸುತ್ತದೆ. ಹೊಸ ಉದ್ಯಮಕ್ಕೆ ಹಳೆಯ ಕಸುಬಿನ ಅನುಭವ ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಹಳೆಯ ಲಾಭ ಮಾತ್ರವೇ? ಹೂಡುತ್ತಿರುವುದು ಕಳಕೊಳ್ಳಬಹುದಾದ ಸ್ವಂತ ದುಡ್ಡೇ, ಅಥವಾ ಬ್ಯಾಂಕಿನ, ಬಂಧುಗಳ, ಪಾಲುದಾರರ ಗಂಟೇ? ಹೊಸತು ಮುಳುಗಿದರೆ ಹಳೆಯದನ್ನು ನಂಬಿದವರ ಸಂಬಳ ಮರುತಿಂಗಳು ಸಿಗುತ್ತದೆಯೇ? ಈ ಮೂರಕ್ಕೂ ನೇರ ಉತ್ತರವಿರುವವರು ಧೈರ್ಯವಾಗಿ ಮುಂದುವರಿಯಲಿ. ಸರಕಾರ ಮತ್ತು ಬ್ಯಾಂಕುಗಳು ಕೂಡ ಸಾಲ ಮಂಜೂರು ಮಾಡುವಾಗ ಮಾಲಕರ ಹೆಸರನ್ನಲ್ಲ, ಇದೇ ಪ್ರಶ್ನೆಗಳನ್ನು ನೋಡಲಿ. ದಿವಾಳಿಯೆದ್ದ ಕಂಪೆನಿಯ ಆಸ್ತಿ ಹಂಚುವಾಗ ನೌಕರರ ಬಾಕಿ ಸಂಬಳ ಪೂರ್ತಿಯಾಗಿ ಮೊದಲು ಸಲ್ಲಲಿ.

ಈ ಮಾತು ದೊಡ್ಡ ಕಂಪೆನಿಗಳಿಗಷ್ಟೇ ಅನ್ವಯವಾಗುವುದಲ್ಲ. ಎರಡು ಲಾರಿ, ಒಂದು ಟೆಂಪೋ, ಒಂದು ಗ್ಯಾರೇಜು ನಡೆಸುವವರು ನಮ್ಮ ಓದುಗರಲ್ಲಿ ಬಹಳಷ್ಟಿದ್ದಾರೆ. ನೆರೆಮನೆಯವನು ಲೇಔಟ್ ಮಾಡಿದನೆಂದು, ಗೆಳೆಯನು ಹೊಟೇಲು ತೆರೆದನೆಂದು, ಮನೆಯ ಪತ್ರವನ್ನೂ ಹೆಂಡತಿಯ ಒಡವೆಯನ್ನೂ ಒತ್ತೆಯಿಟ್ಟು ಅರಿಯದ ವ್ಯಾಪಾರಕ್ಕೆ ಧುಮುಕುವ ಮುನ್ನ ಈ ಮೂರು ಪ್ರಶ್ನೆಗಳನ್ನು ಮನೆಯವರ ಮುಂದೆ, ಮುಖ್ಯವಾಗಿ ಆ ಒಡವೆಯ ಒಡತಿಯ ಮುಂದೆ ಇಟ್ಟು ಚರ್ಚಿಸಲಿ. ಅವಳ ಸಮ್ಮತಿಯಿಲ್ಲದೆ ಕೈಗೊಂಡ ಸಾಹಸ ಸಾಹಸವಲ್ಲ, ಪರರ ಗಂಟಿನೊಂದಿಗೆ ಆಡಿದ ಜೂಜು. ಕಂಪೆನಿಯ ಆಡಳಿತ ಮಂಡಳಿಯಲ್ಲಿ ಷೇರುದಾರರಿಗೆ ಉತ್ತರ ಕೊಡಬೇಕಾದಂತೆ, ಮನೆಯ ಯಜಮಾನನೂ ಮನೆಯವರಿಗೆ ಉತ್ತರ ಕೊಡಬೇಕಾದವನೇ. ಬೆಳೆಯಬೇಕು, ನಿಜ. ಆದರೆ ಊಟಕ್ಕೆ ದಾರಿ ಮಾಡಿಕೊಟ್ಟ ಹಳೆಯ ಲಾರಿಯನ್ನು ಮಾರದೆ ಬೆಳೆಯುವುದು ಸಾಧ್ಯವೇ ಎಂದು ಮೊದಲು ಯೋಚಿಸೋಣ.