ಬಯಲುಸೀಮೆಯ ನೆಂಟರಿಗೆ ಕಡಲಿನ ಕಾಲವನ್ನೂ ಹೇಳೋಣ

ಚಿತ್ರದುರ್ಗ ತಾಲೂಕಿನ ತುರುವನೂರು 1939ರ ಅರಣ್ಯ ಸತ್ಯಾಗ್ರಹದಿಂದ ಹೆಸರಾದ ಊರು. ಅಂಥ ಬಯಲುಸೀಮೆಯ ಊರುಗಳಿಂದ ಶಿವಮೊಗ್ಗ ದಾಟಿ, ಘಟ್ಟ ಇಳಿದು ಮಂಗಳೂರಿಗೆ ಬರುವ ಕುಟುಂಬಗಳನ್ನು ರಜೆ ಬಂದಾಗಲೆಲ್ಲ ನಾವು ಕಾಣುತ್ತೇವೆ. ಉಳ್ಳಾಲ ದರ್ಗಾಕ್ಕೆ ಝಿಯಾರತ್ ಮಾಡಿ, ಮೀನೂಟ ಉಂಡು, ಸೋಮೇಶ್ವರಕ್ಕೋ ಪಣಂಬೂರಿಗೋ ಹೊರಡುತ್ತಾರೆ. ಬರಲಿ, ನಮಗೂ ಸಂತೋಷವೇ. ಆದರೆ ಯಾವಾಗ ಬಂದರೆ ಒಳ್ಳೇದು ಅಂತ ಅವರಿಗೆ ಹೇಳುವವರು ಯಾರು?

ಅವರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ನಮ್ಮಲ್ಲಿ 3,000 ಮಿ.ಮೀ.ಗೂ ಹೆಚ್ಚು. ಮಳೆ ಕಂಡರೆ ಹಿಗ್ಗುವ ಅವರಿಗೆ ಜೂನ್, ಜುಲೈಯ ಕಡಲು ಚಂದವಾಗಿಯೇ ಕಾಣುತ್ತದೆ. ಊರಿನ ಬಾವಿ, ಕೆರೆಯಲ್ಲಿ ಈಜು ಕಲಿತ ಹುಡುಗರಿಗೆ ಧೈರ್ಯವೂ ಜಾಸ್ತಿ. ಬಾವಿಯ ನೀರು ನಿಂತಲ್ಲೇ ನಿಲ್ಲುತ್ತದೆ, ಕಡಲು ಹಾಗಲ್ಲ. ಮೊಣಕಾಲುದ್ದದ ನೀರಿನಲ್ಲೂ ಕಾಲಡಿಯ ಮರಳು ಜಾರುತ್ತದೆ, ಒಳಸೆಳೆತ ಮನುಷ್ಯನನ್ನು ಎಳೆದೊಯ್ಯುತ್ತದೆ. ಸಿಕ್ಕಿಬಿದ್ದವನು ನೇರ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಅಡ್ಡಲಾಗಿ ಈಜಿ ಸೆಳೆತದಿಂದ ಹೊರಬರಬೇಕು. ಇದು ನಮ್ಮ ಮೀನುಗಾರರಿಗೆ ಗೊತ್ತು, ನೆಂಟರಿಗೆ ಗೊತ್ತಿಲ್ಲ.

ಇನ್ನು ಮೀನಿನ ವಿಷಯ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ನಾಡದೋಣಿಯ ಅಲ್ಪಸ್ವಲ್ಪ ಮೀನು ಬಿಟ್ಟರೆ ಆಗ ಹೆಚ್ಚಾಗಿ ಸಿಗುವುದು ಹೊರಗಿನಿಂದ ಬಂದ ಐಸಿನ ಮೀನು, ರೇಟೂ ಜಾಸ್ತಿ. ಅಷ್ಟು ದೂರದಿಂದ ಬಂದವರು ತಾಜಾ ಬಂಗುಡೆ, ಬೂತಾಯಿ ತಿನ್ನದೆ ವಾಪಸ್ ಹೋಗಬೇಕೇ?

ಈರುಳ್ಳಿ ಕೊಯ್ಲು ಮುಗಿಸಿ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ ಅನ್ನೋಣ. ಕಡಲು ಶಾಂತವಾಗಿರುತ್ತದೆ, ಸೆಕೆಯೂ ಕಡಿಮೆ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗಬಹುದು. ಪತ್ತಿರ್, ನೀರುದೋಸೆ ಜೊತೆಗೆ ಮೀನು ಸಾರು ಉಣ್ಣಬಹುದು. ಮಳೆಗಾಲದಲ್ಲೇ ಬಂದವರಿಗೆ ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳನ್ನೂ ಪಿಲಿಕುಳವನ್ನೂ ತೋರಿಸೋಣ. ಕಡಲನ್ನು ದೂರದಿಂದಲೇ ನೋಡಲಿ.

ಹೀಗೆ ಹೇಳಿದರೆ ವ್ಯಾಪಾರ ಕಮ್ಮಿ ಆಗ್ತದೆ ಅನ್ನುವವರಿದ್ದಾರೆ. ಒಂದು ಮನೆಯ ಮಗ ನೀರುಪಾಲಾದರೆ ಆ ಊರಿನವರು ಮತ್ತೆ ಈ ಕಡೆ ತಲೆ ಹಾಕುತ್ತಾರೆಯೇ? ಲೈಫ್‌ಗಾರ್ಡ್ ಸೀಟಿ ಊದುವ ಮೊದಲೇ ಮಾತು ತಲುಪಬೇಕು. ಹೋಟೆಲ್, ಲಾಡ್ಜ್, ರಿಕ್ಷಾ, ಮೀನಿನ ಅಂಗಡಿ, ಎಲ್ಲ ಕಡೆ ನಮ್ಮವರಿದ್ದಾರೆ. ಲಾಡ್ಜಿನ ಕೌಂಟರಿನಲ್ಲಿ ದೊಡ್ಡ ಅಕ್ಷರದ ಒಂದು ಕನ್ನಡ ಬೋರ್ಡು, ರಿಕ್ಷಾದವರ ಬಾಯಲ್ಲಿ "ಅಣ್ಣಾ, ಇವತ್ತು ನೀರಿಗೆ ಇಳಿಯಬೇಡಿ" ಅನ್ನುವ ಒಂದು ಮಾತು. ಇದಕ್ಕೆ ಖರ್ಚೇನೂ ಇಲ್ಲ. ನೆಂಟರಿಗೆ ಹೊಟ್ಟೆ ತುಂಬ ಬಡಿಸಿದ ಹಾಗೆ, ಅವರನ್ನು ಸುಖವಾಗಿ ಊರಿಗೆ ಕಳಿಸುವುದೂ ನಮ್ಮ ಮೇಲಿನ ಹಕ್ಕೇ.